ಮನೆಯೊಳಗಿನ ಕಡಲು | ಭಾಗ 7: ಫ್ಯಾನ್ ಮೊದಲು, ಚಿಲ್ಲರ್ ಆಮೇಲೆ

"ಚಿಲ್ಲರ್ ತಗೊಳ್ಳೋಕೆ ದುಡ್ಡಿಲ್ಲ, ಬೇಸಿಗೆಗೆ ಏನ್ ಮಾಡ್ಲಿ?" ಮಾರ್ಚ್ ಬಂದ್ರೆ ಸಾಕು, ಇನ್‌ಬಾಕ್ಸ್ ತುಂಬಾ ಇದೇ ಪ್ರಶ್ನೆ. ನನ್ನ ಅಭಿಪ್ರಾಯ ನೇರವಾಗಿ ಹೇಳ್ತೀನಿ. ಬೆಂಗಳೂರಲ್ಲಿ ಸಣ್ಣ ರೀಫ್ ಟ್ಯಾಂಕ್ ಇಟ್ಟವರು ಮೊದಲು ಕೊಳ್ಳಬೇಕಾದ್ದು ಚಿಲ್ಲರ್ ಅಲ್ಲ. ಒಂದು ಒಳ್ಳೆ ಥರ್ಮಾಮೀಟರ್, ಒಂದು ಪುಟ್ಟ ಫ್ಯಾನ್.

ಮೊದಲು ನನ್ನ ತಪ್ಪು ಕೇಳಿ. ನನ್ನ ಮೊದಲ ಬೇಸಿಗೆ, 60 ಲೀಟರ್ ಟ್ಯಾಂಕ್. ಸಂಜೆ ಮನೆಗೆ ಬಂದು ನೋಡಿದ್ರೆ ನೀರು 31 ಡಿಗ್ರಿ. ಗಾಬರಿಯಲ್ಲಿ ಫ್ರೀಜರಲ್ಲಿದ್ದ ನಾಲ್ಕೂ ಐಸ್ ಬಾಟಲಿ ಒಟ್ಟಿಗೆ ಇಳಿಸಿದೆ. ಮಲಗೋ ಹೊತ್ತಿಗೆ 26. ಗೆದ್ದೆ ಅಂದ್ಕೊಂಡೆ. ಮರುದಿನ ಮತ್ತೆ 31, ಮತ್ತೆ ಐಸ್. ನಾಲ್ಕನೇ ದಿನ ಬೆಳಿಗ್ಗೆ ಬರ್ಡ್ಸ್‌ನೆಸ್ಟ್ ಹವಳದ ಮೈಯೆಲ್ಲ ಕಳಚಿ ಬರೀ ಬಿಳಿ ಅಸ್ಥಿ ಉಳಿದಿತ್ತು. ಅದು ಬಿಸಿಲಿಗೆ ಸತ್ತಿತೋ, ನನ್ನ ಐಸಿಗೆ ಸತ್ತಿತೋ ಅಂತ ಇವತ್ತಿಗೂ ಯೋಚಿಸ್ತೀನಿ.

ಹವಳಕ್ಕೆ 24ರಿಂದ 27 ಡಿಗ್ರಿ ಹಿತ. ಅದರ ಮೈಯೊಳಗೆ ಸೂಕ್ಷ್ಮ ಪಾಚಿ ವಾಸ ಮಾಡುತ್ತೆ, ಹವಳದ ಊಟದ ಬಹುಪಾಲು ಆ ಪಾಚಿಯದ್ದೇ ಅಡುಗೆ. ಬಿಸಿ ಹೆಚ್ಚಾದರೆ ಹವಳ ಆ ಪಾಚಿಯನ್ನೇ ಹೊರಹಾಕಿ ಬೆಳ್ಳಗಾಗುತ್ತೆ. ಬೆಳ್ಳಗಾದ ತಕ್ಷಣ ಸತ್ತಿಲ್ಲ, ಹಸಿದಿದೆ ಅಷ್ಟೇ. ನೀರು ಬೇಗ ತಣಿದು ನಿಧಾನವಾಗಿ ಸ್ಥಿರವಾದರೆ ಚೇತರಿಸಿಕೊಳ್ಳಬಹುದು. ಆದರೆ ದಿನಾ ಐದು ಡಿಗ್ರಿ ಏರಿಳಿತ ಕೊಟ್ರೆ ಅದು ಚೇತರಿಸಿಕೊಳ್ಳೋದು ಯಾವಾಗ? ದಿನವಿಡೀ 28ರಲ್ಲೇ ನಿಂತ ಟ್ಯಾಂಕ್, 25–31ರ ನಡುವೆ ಜೋಕಾಲಿ ಆಡೋ ಟ್ಯಾಂಕಿಗಿಂತ ಎಷ್ಟೋ ಮೇಲು.

ಈಗ ಫ್ಯಾನ್ ಲೆಕ್ಕ. ಮಡಕೆ ನೀರು ಯಾಕೆ ತಣ್ಣಗಿರುತ್ತೆ? ಆವಿಯಾಗೋ ನೀರು ಬಿಸಿಯನ್ನೂ ಹೊತ್ತುಕೊಂಡು ಹೋಗುತ್ತೆ. 200 ಲೀಟರ್ ಟ್ಯಾಂಕಿಂದ ಒಂದೇ ಒಂದು ಲೀಟರ್ ಆವಿಯಾದರೆ, ಅದು ಒಯ್ಯೋ ಬಿಸಿ ಉಳಿದ ನೀರನ್ನು ಸುಮಾರು 3 ಡಿಗ್ರಿ ಇಳಿಸುವಷ್ಟು. ಗಾಜಿನ ಮುಚ್ಚಳ ತೆಗೀರಿ, ಮೀನು ಹಾರದ ಹಾಗೆ ಬಲೆ ಹಾಕಿ, ಫ್ಯಾನ್ ಗಾಳಿ ನೀರಿನ ಮೇಲೆ ಓರೆಯಾಗಿ ಬೀಳಲಿ. ಲೈಟ್ ಮಧ್ಯಾಹ್ನ ಬೇಡ, ಸಂಜೆಯಿಂದ ರಾತ್ರಿಗೆ ಬದಲಾಯಿಸಿ. ಬಿಸಿ ನೀರಲ್ಲಿ ಆಮ್ಲಜನಕ ಕಡಿಮೆ ಕರಗುತ್ತೆ, ಅದಕ್ಕೇ ಮೇಲ್ಮೈ ಚೆನ್ನಾಗಿ ಅಲ್ಲಾಡ್ತಿರಲಿ.

ಒಂದು ಎಚ್ಚರಿಕೆ: ಆವಿಯಾಗೋದು ನೀರು ಮಾತ್ರ, ಉಪ್ಪು ಅಲ್ಲೇ ಇರುತ್ತೆ. ಹಾಗಾಗಿ ತುಂಬಿಸಬೇಕಾದ್ದು ಆರ್‌ಒ ಸಿಹಿನೀರು, ಉಪ್ಪುನೀರಲ್ಲ. ಆ ಆರ್‌ಒ ಒಂದು ಲೀಟರ್ ಕೊಡೋಕೆ ಎರಡು ಮೂರು ಲೀಟರ್ ಹೊರಗೆ ಬಿಡುತ್ತೆ. 2024ರ ಬೇಸಿಗೆಯಲ್ಲಿ ಟ್ಯಾಂಕರಿಗೆ ಕಾದವರು ನಾವು, ಅದನ್ನ ಮೋರಿಗೆ ಬಿಡೋಕೆ ಮನಸ್ಸು ಹೇಗೆ ಬರುತ್ತೆ? ಬಕೆಟ್‌ನಲ್ಲಿ ಹಿಡಿದಿಡಿ, ನೆಲ ಒರೆಸೋಕೆ, ಟಾಯ್ಲೆಟ್ಟಿಗೆ ಆಗುತ್ತೆ.

"ಮಂಗಳೂರಲ್ಲಿ ಫ್ಯಾನ್ ಕೆಲಸ ಮಾಡಲ್ಲ" ಅಂತೀರಾ? ನಿಜ, ಒಪ್ತೀನಿ. ಕರಾವಳಿಯ ಗಾಳಿಯಲ್ಲೇ ತೇವ ತುಂಬಿರುವಾಗ ನೀರು ಆವಿಯಾಗೋದು ಕಷ್ಟ. ಅಲ್ಲಿ ಚಿಲ್ಲರ್ ಅಥವಾ ಎಸಿ ಬೇಕೇ ಬೇಕು. ಆದರೆ ಚಿಲ್ಲರ್ ಬಿಸಿಯನ್ನ ನುಂಗಲ್ಲ, ರೂಮಿಗೆ ಉಗುಳುತ್ತೆ. ಕಿಟಕಿ ಮುಚ್ಚಿದ ರೂಮಲ್ಲಿ ಇಟ್ರೆ ತನ್ನ ಬಿಸಿಯ ಜೊತೆ ತಾನೇ ಜಗಳ. ಕರೆಂಟ್ ಹೋದಾಗ ಮನೆಯ ಸಣ್ಣ ಯುಪಿಎಸ್ ಫ್ಯಾನ್, ಪಂಪ್ ಓಡಿಸುತ್ತೆ. ಚಿಲ್ಲರನ್ನ ಓಡಿಸೋದು ಕಷ್ಟ.

ಕೊನೇ ಮಾತು, ಸ್ವಲ್ಪ ಖಾರ ಅನಿಸಬಹುದು. 2024ರಲ್ಲಿ ಲಕ್ಷದ್ವೀಪದ ಹವಳ ಬೆಳ್ಳಗಾದಾಗ ಅದಕ್ಕೆ ಫ್ಯಾನ್ ಹಿಡಿಯೋರು ಯಾರೂ ಇರಲಿಲ್ಲ. ನಿಮ್ಮ ಟ್ಯಾಂಕಿನ ಹವಳಕ್ಕೆ ನೀವಿದ್ದೀರಿ. ಏಪ್ರಿಲ್, ಮೇ ದಾಟಿಸೋ ನಂಬಿಕೆ ಇಲ್ಲ ಅಂದ್ರೆ ಈಗ ಹವಳ ಕೊಳ್ಳಬೇಡಿ. ಮಳೆ ಬರಲಿ, ಕಾಯಿರಿ. ಕಾಯೋದೂ ಈ ಹವ್ಯಾಸದ ಭಾಗವೇ.

ಇವತ್ತು ಮಧ್ಯಾಹ್ನ 3 ಗಂಟೆಗೆ ನಿಮ್ಮ ಟ್ಯಾಂಕ್ ಎಷ್ಟು ಡಿಗ್ರಿ? ನಾಳೆ ಬೆಳಿಗ್ಗೆ 6ಕ್ಕೆ ಎಷ್ಟು? ಎರಡೂ ಕಾಮೆಂಟಲ್ಲಿ ಬರೀರಿ. ವ್ಯತ್ಯಾಸ ನೋಡಿ ಮಾತಾಡೋಣ. 🐠

#ಮನೆಯೊಳಗಿನಕಡಲು #ರೀಫ್‌ಟ್ಯಾಂಕ್ #ಬೇಸಿಗೆ #ಕನ್ನಡ