ಮನೆವಾರ್ತೆ: ಹಳೆಯ ಕಂಪ್ಯೂಟರಿಗೆ ಹೊಸ ಡಿಸ್ಕ್ ಕಾಣದಾಗ



ಕಳೆದ ಸಂಚಿಕೆಯಲ್ಲಿ ರಾಗಿಗೆ ಹುಳ ಬೀಳದಂತೆ ಕಾಪಾಡುವ ಬಗೆ ಹೇಳಿದ್ದೆ. ಈ ಸಲ ಇನ್ನೊಂದು ತರಹದ ಕಣಜದ ಮಾತು. ಮನೆಯ ಮೂಲೆಯಲ್ಲಿ ಮುಸುಕು ಹೊದ್ದು ಕೂತಿರುವ ಹಳೆಯ ಕಂಪ್ಯೂಟರಿನದು. “ಅದೆಲ್ಲ ಗಂಡಸರ, ಮಕ್ಕಳ ವಿಷಯ, ನಮಗ್ಯಾಕೆ?” ಅಂತ ಪುಟ ತಿರುವಬೇಡಿ. ಮನೆಯ ಕಾಗದಪತ್ರ ಕಾಯುವವರು ನಾವೇ ತಾನೆ?

ನಮ್ಮದು ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ. ನಮ್ಮ ಹೋಬಳಿಯ 13 ಹಳ್ಳಿಗಳ 1,777 ಎಕರೆ ಜಮೀನಿನ ಸ್ವಾಧೀನದ ವಿರುದ್ಧ 2022ರ ಏಪ್ರಿಲ್‌ನಿಂದ ರೈತರು ಧರಣಿ ಕೂತಿದ್ದು, 2025ರ ಜುಲೈ 15ರಂದು ಸರ್ಕಾರ ಅದನ್ನು ಕೈಬಿಡುವುದಾಗಿ ಹೇಳಿದ್ದು ನೀವೂ ಓದಿರುತ್ತೀರಿ. ಆ ಮೂರು ವರ್ಷ ಪಹಣಿ, ಪತ್ರ, ಕಂದಾಯದ ರಸೀದಿ ಎಂದರೆ ಇಲ್ಲಿಯ ಹೆಂಗಸರಿಗೂ ಜೀವ. ನಮ್ಮ ಮನೆಯಲ್ಲೂ ಎಲ್ಲವನ್ನೂ ಸ್ಕ್ಯಾನ್ ಮಾಡಿಸಿ ಇಟ್ಟೆವು. ಮಾವನವರು ಕೈಯಾರೆ ಬರೆದಿಟ್ಟಿದ್ದ ಬಾವಿ ಪಾಲಿನ ಚೀಟಿಯನ್ನು ಆಮೇಲೆ ಗೆದ್ದಲು ತಿಂದುಹಾಕಿತು. ಉಳಿದದ್ದು ಕಂಪ್ಯೂಟರಿನಲ್ಲಿದ್ದ ಪ್ರತಿಯೊಂದೇ.

ಹೋದ ತಿಂಗಳು ಅಣ್ಣನ ಮಗ ಬೆಂಗಳೂರಿನಿಂದ ಬಂದವನು, “ಅತ್ತೆ, ಎಲ್ಲಾ ಒಂದೇ ಕಡೆ ಇರಲಿ” ಎಂದು 4 ಟಿಬಿಯ ಹೊಸ ಡಿಸ್ಕಿಗೆ ಎಲ್ಲವನ್ನೂ ತುಂಬಿಕೊಟ್ಟ. ಹಳೆಯದನ್ನು ಅಳಿಸಿಯೂ ಬಿಟ್ಟ. ನಮ್ಮ ಹಳೆಯ ಯಂತ್ರದಲ್ಲಿರುವುದು ವಿಂಡೋಸ್ ಎಕ್ಸ್‌ಪಿ. ಪ್ರಿಂಟರು ಅದಕ್ಕೊಂದಕ್ಕೇ ಒಗ್ಗಿಕೊಂಡಿದೆ ಅಂತ ಇಟ್ಟುಕೊಂಡಿದ್ದೇವೆ. ಮೈದುನನಿಗೆ ಆ ಚೀಟಿಯ ಪ್ರತಿ ಬೇಕಾಯಿತು. ಡಿಸ್ಕ್ ಸಿಕ್ಕಿಸಿದರೆ ದೀಪವೇನೋ ಉರಿಯುತ್ತದೆ. ಪರದೆಯ ಮೇಲೆ ‘ಸಿ’ ಇದೆ, ‘ಡಿ’ ಇದೆ, ಹೊಸದರ ಸುಳಿವೇ ಇಲ್ಲ! ರಿಪೇರಿ ಅಂಗಡಿಯ ಹುಡುಗ ನೋಡಿ, “ಡಿಸ್ಕ್ ಹೋಗಿದೆ ಆಂಟಿ, ಎಲ್ಲಾ ಅಳಿಸಿ ಫಾರ್ಮ್ಯಾಟ್ ಹೊಡೀಬೇಕು” ಅಂದ. ನನ್ನ ಎದೆ ಧಸಕ್ಕೆಂದಿತು. “ಬೇಡಪ್ಪ, ಇದ್ದ ಹಾಗೇ ಕೊಡು” ಅಂತ ಇಸಕೊಂಡು ಬಂದೆ. ಆ ಒಂದು ಮಾತೇ ನಮ್ಮನ್ನು ಕಾಪಾಡಿತು. ಭಾನುವಾರ ಅಣ್ಣನ ಮಗ ಬಂದು ತನ್ನ ಲ್ಯಾಪ್‌ಟಾಪಿಗೆ ಹಾಕಿದರೆ ಒಂದು ಕಾಗದವೂ ಕಳೆದಿರಲಿಲ್ಲ!

ಹಾಗಾದರೆ ಆಗಿದ್ದೇನು? ಡಿಸ್ಕಿನ ಆರಂಭದಲ್ಲಿ ಯಾವ ಭಾಗ ಎಲ್ಲಿ ಶುರು, ಎಲ್ಲಿಗೆ ಮುಗಿಯಿತು ಎಂಬ ಪಟ್ಟಿ ಇರುತ್ತದೆ. 1983ರಿಂದ ನಡೆದುಬಂದ ಹಳೆಯ ಪಟ್ಟಿಗೆ ಎಂಬಿಆರ್ ಎಂದು ಹೆಸರು. ಅದರಲ್ಲಿ ಅಂಕಿ ಬರೆಯಲು ಜಾಗ ಕಡಿಮೆ, ಸಾಮಾನ್ಯವಾಗಿ 2 ಟಿಬಿಗೆ ಲೆಕ್ಕ ಮುಗಿದುಹೋಗುತ್ತದೆ. ಆದ್ದರಿಂದ ದೊಡ್ಡ ಡಿಸ್ಕುಗಳಲ್ಲಿ ಜಿಪಿಟಿ ಎಂಬ ಹೊಸ ಪಟ್ಟಿ ಬಳಸುತ್ತಾರೆ. 2001ರಲ್ಲಿ ಬಂದ ಎಕ್ಸ್‌ಪಿಯ ಸಾಮಾನ್ಯ, ಅಂದರೆ 32 ಬಿಟ್ ಆವೃತ್ತಿಗೆ ಇದನ್ನು ಓದಲು ಬರುವುದಿಲ್ಲ. ವಿಸ್ಟಾ, ವಿಂಡೋಸ್ 7 ಮತ್ತು ಆಮೇಲಿನವು ಓದುತ್ತವೆ. ಸೇರು, ಪಾವು ಮಾತ್ರ ಬಲ್ಲ ಅಜ್ಜಿಗೆ ಕಿಲೋ ಲೆಕ್ಕ ತಿಳಿಯದಿದ್ದರೆ ಅದು ಅಕ್ಕಿಯ ತಪ್ಪೇ?

ನಿಮ್ಮ ಮನೆಯಲ್ಲೂ ಹೀಗಾದರೆ ಈ ಕ್ರಮದಲ್ಲಿ ನೋಡಿ:

1. ಮೊದಲು ಡಿಸ್ಕನ್ನು ಹೊಸ ಕಂಪ್ಯೂಟರಿಗೆ ಹಾಕಿ. ಅಲ್ಲಿ ಎಲ್ಲವೂ ಕಂಡರೆ ಡಿಸ್ಕ್ ಕೆಟ್ಟಿಲ್ಲ. ಬೇಕಾದ್ದನ್ನು ಆಗಲೇ ಇನ್ನೊಂದು ಕಡೆ ನಕಲು ಮಾಡಿಬಿಡಿ.

2. ಹಳೆಯದರಲ್ಲಿ ‘ಮೈ ಕಂಪ್ಯೂಟರ್’ ಮೇಲೆ ಮೌಸಿನ ಬಲಗುಂಡಿ ಒತ್ತಿ ‘ಮ್ಯಾನೇಜ್’, ಅಲ್ಲಿಂದ ‘ಡಿಸ್ಕ್ ಮ್ಯಾನೇಜ್‌ಮೆಂಟ್’ ತೆರೆಯಿರಿ. ‘ಜಿಪಿಟಿ ಪ್ರೊಟೆಕ್ಟಿವ್ ಪಾರ್ಟಿಷನ್’ ಎಂದಿದ್ದರೆ ನಮ್ಮ ಮನೆಯ ಕಥೆಯೇ. ಡಿಸ್ಕಿನ ಭಾಗ ಸರಿಯಾಗಿ ಕಂಡು, ಅದಕ್ಕೆ ಅಕ್ಷರ ಮಾತ್ರ ಇಲ್ಲದಿದ್ದರೆ ‘ಚೇಂಜ್ ಡ್ರೈವ್ ಲೆಟರ್’ ಆರಿಸಿ ಬಳಕೆಯಲ್ಲಿಲ್ಲದ ಒಂದು ಅಕ್ಷರ ಕೊಡಿ.

3. “ಡಿಸ್ಕ್ ಫಾರ್ಮ್ಯಾಟ್ ಆಗಿಲ್ಲ, ಈಗ ಮಾಡಲೇ?” ಎಂದು ಕೇಳಿದರೆ ‘ನೋ’ ಎನ್ನಿ. ಎಕ್ಸ್‌ಫ್ಯಾಟ್ ಎಂಬ ವಿಧಾನದಲ್ಲಿ ತಯಾರಾದ ಪೆನ್‌ಡ್ರೈವಿಗೂ ಎಕ್ಸ್‌ಪಿ ಹೀಗೇ ಕೇಳುವುದುಂಟು. ‘ಯೆಸ್’ ಒತ್ತಿದಿರೋ, ಕಾಗದಪತ್ರ ಕೈತಪ್ಪಿತು ಅಂತಲೇ ತಿಳಿಯಿರಿ.

4. ಡಿಸ್ಕ್ ಕಂಡರೂ ‘ಆಕ್ಸೆಸ್ ಡಿನೈಡ್’ ಎಂದರೆ ಕಡತಗಳು ಹಾಳಾಗಿವೆ ಎಂದಲ್ಲ. ಅವು ಇನ್ನೂ ಹಿಂದಿನ ಕಂಪ್ಯೂಟರಿನ ಬಳಕೆದಾರರ ಹೆಸರಿನಲ್ಲಿವೆ, ಅಷ್ಟೆ. ‘ಅಡ್ಮಿನಿಸ್ಟ್ರೇಟರ್’ ಆಗಿ ಒಳಹೊಕ್ಕು ಒಡೆತನ ಬದಲಿಸಬಹುದು. ತಿಳಿದವರನ್ನು ಪಕ್ಕದಲ್ಲಿ ಕೂರಿಸಿಕೊಂಡೇ ಮಾಡಿ.

ನಾವು ಮಾಡಿದ್ದು ಬಲು ಸುಲಭ. ಫ್ಯಾಟ್32 ವಿಧಾನದ ಒಂದು ಚಿಕ್ಕ ಪೆನ್‌ಡ್ರೈವಿಗೆ ಲ್ಯಾಪ್‌ಟಾಪಿನಿಂದ ಚೀಟಿಯನ್ನು ಹಾಕಿಕೊಂಡು, ಎಕ್ಸ್‌ಪಿಗೆ ಕೊಟ್ಟೆವು. ಪ್ರಿಂಟರು ಗೊರಗೊರ ಎಂದು ಮಾವನವರ ಅಕ್ಷರವನ್ನು ಹೊರಗಿಟ್ಟಿತು. ನಮ್ಮನೆಯವರು ಬಹಳ ಹೊತ್ತು ಅದನ್ನೇ ನೋಡುತ್ತಾ ಕೂತಿದ್ದರು. (ಫ್ಯಾಟ್32ರಲ್ಲಿ ಒಂದು ಕಡತ 4 ಜಿಬಿ ಮೀರುವಂತಿಲ್ಲ. ಮದುವೆಯ ದೊಡ್ಡ ವಿಡಿಯೋ ಹಿಡಿಸದೆ ಹೋಗಬಹುದು.)

ಕೊನೆಗೆರಡು ಕಿವಿಮಾತು. ಎಕ್ಸ್‌ಪಿಗೆ ಕಂಪನಿಯ ರಕ್ಷಣೆ 2014ರ ಏಪ್ರಿಲ್ 8ಕ್ಕೇ ನಿಂತಿದೆ. ಅದಕ್ಕೆ ಇಂಟರ್‌ನೆಟ್ ಜೋಡಿಸಬೇಡಿ. ಇನ್ನು, ನೋಂದಾಯಿತ ಪತ್ರ ಕಳೆದರೆ ಉಪನೋಂದಣಿ ಕಚೇರಿಯಲ್ಲಿ ದೃಢೀಕೃತ ನಕಲು ಸಿಕ್ಕೀತು. ಹಿರಿಯರ ಕೈಬರಹ ಯಾವ ಕಚೇರಿಯಲ್ಲಿ ಸಿಕ್ಕೀತು ಹೇಳಿ? ಬಿತ್ತನೆ ಬೀಜವನ್ನು ಒಂದೇ ಮಡಕೆಯಲ್ಲಿ ಇಡುತ್ತೇವೆಯೇ? ಇದನ್ನೂ ಎರಡು ಕಡೆ ಇಡಿ. ಎರಡನೆಯದನ್ನು ತೆಗೆದು ಓದಿ ನೋಡುವ ತನಕ ಮೊದಲನೆಯದನ್ನು ಅಳಿಸಬೇಡಿ.