ಗರಡಿಯೋ, ಕರಾಟೆ ಕ್ಲಾಸೋ?



ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡದ ಕಡೆಯ ಮನೆಗಳಿಗೆ ಕುಸ್ತಿ ಹೊಸ ಮಾತಲ್ಲ. ಜಾತ್ರೆ, ಉರೂಸು ಬಂತೆಂದರೆ ಜಂಗೀ ನಿಕಾಲಿ ಕುಸ್ತಿಯ ಮಾತು ಶುರುವಾಗುತ್ತದೆ. ಹಲಗಿಯ ಸದ್ದು ಕೇಳಿದರೆ ಗಂಡಸರು ಊಟ ಬಿಟ್ಟು ಎದ್ದು ಹೋಗುತ್ತಾರೆ. ಈ ಭಾಗದಲ್ಲಿ ಗರಡಿಗೆ 'ತಾಲೀಮು' ಎಂಬ ಹೆಸರೂ ಉಂಟು. ಅದು ಕಲಿಕೆ ಎಂಬ ಅರ್ಥದ ಅರಬಿ ಪದದಿಂದ ಬಂದದ್ದು. ಅಲ್ಲಿ ಕಲಿಸುವ ವಸ್ತಾದ ನಮ್ಮ 'ಉಸ್ತಾದ'ನೇ. ಲಾಠಿ ತಿರುಗಿಸುವುದು, ದಾಂಡಪಟ್ಟಾ ಬೀಸುವುದು ಸಹ ಈ ಗಡಿನಾಡಿನ ಹಳೆಯ ವಿದ್ಯೆಗಳೇ.

ಈಗ ಪೇಟೆಯಲ್ಲಿ ಕರಾಟೆ ಕ್ಲಾಸಿನ ಬೋರ್ಡು ಕಾಣುತ್ತದೆ. ಮೊಬೈಲಿನಲ್ಲಿ ಮಕ್ಕಳು ಪಂಜರದೊಳಗಿನ ಹೊಡೆದಾಟ ನೋಡುತ್ತಾರೆ. ಮನೆಯ ಹಿರಿಯರು "ನಮ್ಮ ಗರಡಿಯ ಮುಂದೆ ಇದೆಲ್ಲ ಯಾವ ಲೆಕ್ಕ?" ಎನ್ನುತ್ತಾರೆ. ಮಗ "ಅಜ್ಜಾ, ಅದೆಲ್ಲ ಹಳೇದಾಯ್ತು" ಎನ್ನುತ್ತಾನೆ. ಈ ವಾದವನ್ನು ಗಂಡಸರು ಕಟ್ಟೆಯ ಮೇಲೆ ಕುಳಿತು ಎಷ್ಟಾದರೂ ಮಾಡಲಿ. ತಾಯಿಯಾದ ನಿಮ್ಮ ಪ್ರಶ್ನೆಯೇ ಬೇರೆ. ಕಾಲೇಜು ಮುಗಿಸಿ ಸಂಜೆ ಬಸ್ಸಿಳಿದು, ಎರಡೂ ಬದಿಗೆ ಆಳೆತ್ತರದ ಕಬ್ಬು ನಿಂತ ದಾರಿಯಲ್ಲಿ ಮಗಳು ನಡೆದು ಬರುತ್ತಾಳೆ. ಯಾರಾದರೂ ಅವಳ ಕೈ ಹಿಡಿದರೆ ಯಾವ ವಿದ್ಯೆ ಅವಳ ನೆರವಿಗೆ ಬಂದೀತು?

ಇದಕ್ಕೆ ಉತ್ತರ ಹಳೆಯದು-ಹೊಸದು ಎಂಬುದರಲ್ಲಿ ಇಲ್ಲ. ಕಲಿಯುವಾಗ ಎದುರಿಗಿದ್ದವರು ನಿಜವಾಗಿ ಪ್ರತಿರೋಧಿಸುತ್ತಾರೋ ಇಲ್ಲವೋ ಎಂಬುದರಲ್ಲಿ ಇದೆ.

ಗರಡಿಯನ್ನೇ ನೋಡಿ. ದಂಡ, ಬೈಠಕ್ ಮುಗಿದ ಮೇಲೆ ಮಣ್ಣಿಗಿಳಿದು ಜೋರು ಮಾಡಲೇಬೇಕು. ಎದುರಿನವನು ಬೀಳಲು ಒಪ್ಪುವುದಿಲ್ಲ. ಬೀಳಿಸಲು ಪೂರ್ತಿ ಬಲ ಹಾಕಬೇಕಾಗುತ್ತದೆ. ಹೀಗೆ ದಿನವೂ ಬಿದ್ದು ಎದ್ದವನಿಗೆ ಯಾರಾದರೂ ಮೈಮೇಲೆ ಬಂದರೆ ಕೈಕಾಲು ಮರಗಟ್ಟುವುದಿಲ್ಲ. ಅದೇ ದಾಂಡಪಟ್ಟಾ ನೋಡಲು ಎಷ್ಟು ಚೆಂದವಿದ್ದರೂ, ಮೆರವಣಿಗೆಯಲ್ಲಿ ಒಬ್ಬನೇ ಬೀಸುವ ವರಸೆ ಮೈಗೆ ಚುರುಕು ಕೊಡುತ್ತದೆಯೇ ಹೊರತು ಹೊಡೆದಾಟ ಕಲಿಸುವುದಿಲ್ಲ. ಕರಾಟೆಯಲ್ಲೂ ಹೀಗೆಯೇ. ಸಾಲಾಗಿ ನಿಂತು ಗಾಳಿಗೆ ಗುದ್ದುವ 'ಕಟಾ' ಒಂದು. ಎದುರಾಳಿಯೊಂದಿಗೆ ಆಡುವ 'ಕುಮಿಟೆ' ಇನ್ನೊಂದು. ಕಟಾ ಮಾತ್ರ ಕಲಿಸಿ ಬೆಲ್ಟ್ ಕೊಟ್ಟರೆ ಬೆಲ್ಟಿನ ಬಣ್ಣ ಬದಲಾಗುತ್ತದೆ, ಅಷ್ಟೆ.

ಜಪಾನಿನ ಜಿಗೊರೊ ಕಾನೊ 1882ರಲ್ಲಿ ಜೂಡೋ ಕಟ್ಟಿದಾಗ ಈ ಗುಟ್ಟನ್ನೇ ಹಿಡಿದರು. ಹಳೆಯ ಜುಜುತ್ಸುವಿನಲ್ಲಿ ಪ್ರಾಣಕ್ಕೆ ಅಪಾಯವಾಗುವ ಪಟ್ಟುಗಳಿದ್ದವು. ಅವನ್ನು ಪೂರ್ತಿ ಬಲದಿಂದ ಅಭ್ಯಾಸ ಮಾಡುವಂತಿರಲಿಲ್ಲ. ಕಾನೊ ಅವನ್ನು ಬದಿಗಿಟ್ಟು, ದಿನವೂ ನಿಜವಾಗಿ ಸೆಣಸಿ ಕಲಿಯಬಹುದಾದವನ್ನು ಮುಂದಿಟ್ಟರು. ಅವರ ಶಿಷ್ಯರೊಬ್ಬರಿಂದ ಈ ವಿದ್ಯೆ ಬ್ರೆಜಿಲ್‌ಗೆ ಹೋಯಿತು. 1993ರಲ್ಲಿ ಅಮೆರಿಕದ ಡೆನ್ವರ್‌ನಲ್ಲಿ ಬಾಕ್ಸಿಂಗ್, ಕರಾಟೆ, ಸುಮೋ ಹೀಗೆ ಬೇರೆ ಬೇರೆ ವಿದ್ಯೆಯವರನ್ನು ಒಂದೇ ಪಂಜರಕ್ಕೆ ಬಿಟ್ಟಾಗ ಗೆದ್ದವರು ಬ್ರೆಜಿಲ್‌ನ ರಾಯ್ಸ್ ಗ್ರೇಸಿ. ಮೈಕಟ್ಟಿನಲ್ಲಿ ದೊಡ್ಡವರೇನಲ್ಲ. ಎದುರಾಳಿಯನ್ನು ಹಿಡಿದು ನೆಲಕ್ಕೆ ತಂದು ಗೆದ್ದರು.

ಹಾಗೆಂದು ಗರಡಿಯೊಂದೇ ಸಾಕೆಂದಲ್ಲ. ಸಾತಾರಾ ಜಿಲ್ಲೆಯ ಖಾಶಾಬಾ ಜಾಧವ್ ಕೊಲ್ಹಾಪುರದಲ್ಲಿ ಓದುತ್ತ ಪಳಗಿದ ಮಣ್ಣಿನ ಪೈಲ್ವಾನ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಮ್ಯಾಟ್ ಮತ್ತು ಅಂತರರಾಷ್ಟ್ರೀಯ ನಿಯಮ ಅವರಿಗೆ ಹೊಸದು. ಆರನೆಯ ಸ್ಥಾನ ಬಂತು. ಹಟ ಹಿಡಿದು ಹೊಸದನ್ನು ಕಲಿತರು. 1952ರಲ್ಲಿ ಹೆಲ್ಸಿಂಕಿಯಲ್ಲಿ ಕಂಚು ಗೆದ್ದರು. ಸ್ವತಂತ್ರ ಭಾರತಕ್ಕೆ ಬಂದ ಮೊದಲ ವೈಯಕ್ತಿಕ ಒಲಿಂಪಿಕ್ ಪದಕ ಅದು. ಇನ್ನು ಬೀದಿಯಲ್ಲಂತೂ ನಿಯಮವೇ ಇರುವುದಿಲ್ಲ. ಕುಸ್ತಿಯಲ್ಲಿ ಗುದ್ದುವವರಿಲ್ಲ, ಚಾಕು ಹಿಡಿದವರಿಲ್ಲ, ಇಬ್ಬರು ಸೇರಿ ಒಬ್ಬನ ಮೇಲೆ ಬೀಳುವುದಿಲ್ಲ. ಬಾಕ್ಸಿಂಗ್ ಏಟು ತಿಂದು ನಿಲ್ಲುವುದನ್ನು ಕಲಿಸುತ್ತದೆ, ಆದರೆ ಹಿಡಿತ ಬಿಡಿಸಲು ಕಲಿಸುವುದಿಲ್ಲ. ಪೂರ್ಣವಾದ ವಿದ್ಯೆ ಯಾವುದೂ ಇಲ್ಲ.

ಸಹೋದರಿಯರೇ, ಇಲ್ಲಿ ಹಮೀದಾ ಬಾನು ಅವರನ್ನು ನೆನೆಯದೆ ಹೇಗಿರಲಿ? ಅಲಿಗಢದ ಈ ಪೈಲ್ವಾನ್ ಮಹಿಳೆ 1940-50ರ ದಶಕಗಳಲ್ಲಿ ಗಂಡಸರೊಡನೆ ಕುಸ್ತಿಗಿಳಿದರು. 1954ರಲ್ಲಿ ಬಡೋದೆಯಲ್ಲಿ ಬಾಬಾ ಪೈಲ್ವಾನರನ್ನು ಸೋಲಿಸಲು ಅವರಿಗೆ ಬೇಕಾದದ್ದು 1 ನಿಮಿಷ 34 ಸೆಕೆಂಡ್. ನಿಪ್ಪಾಣಿಯಿಂದ ಸುಮಾರು 40 ಕಿಲೋಮೀಟರ್ ದೂರದ ಕೊಲ್ಹಾಪುರದಲ್ಲಿ ಗಂಡಸೊಬ್ಬನನ್ನು ಸೋಲಿಸಿದಾಗ ಜನ ಅವರ ಮೇಲೆ ಕಲ್ಲು ಎಸೆದರೆಂದು ವರದಿಯಾಗಿದೆ. ಯುರೋಪಿಗೆ ಕುಸ್ತಿಗೆ ಹೋಗುವ ಮಾತು ಬಂದಾಗ ಜೊತೆಗಿದ್ದ ತರಬೇತುದಾರನೇ ಅವರನ್ನು ಕೋಲಿನಿಂದ ಹೊಡೆದು ಕೈ ಮುರಿದನೆಂದು ಅವರ ಕುಟುಂಬದವರು ಹೇಳಿದ್ದಾರೆ. ಅಖಾಡದಲ್ಲಿ ಗಂಡಸರನ್ನು ಮಣಿಸಿದ ಮಹಿಳೆಗೆ ದೊಡ್ಡ ಏಟು ಬಿದ್ದದ್ದು ಪರಿಚಿತನಿಂದ.

ಈ ಮಾತು ನಮ್ಮೆಲ್ಲರ ಮನೆಗೂ ಸಂಬಂಧಿಸಿದ್ದು. ದೇಶದ ಅಪರಾಧ ದಾಖಲೆಗಳಲ್ಲಿ ಅತ್ಯಾಚಾರ ಪ್ರಕರಣಗಳ ಪೈಕಿ ಹತ್ತರಲ್ಲಿ ಒಂಬತ್ತಕ್ಕೂ ಹೆಚ್ಚಿನವುಗಳಲ್ಲಿ ಆರೋಪಿ ಹುಡುಗಿಗೆ ಪರಿಚಿತನೇ ಆಗಿರುತ್ತಾನೆ. ಆದ್ದರಿಂದ ಗುದ್ದು ಕಲಿಸುವುದಕ್ಕಿಂತ ಮೊದಲು, "ಯಾರೇ ಆಗಲಿ, ನಿನಗೆ ಹಿತವಾಗದಂತೆ ಮುಟ್ಟಿದರೆ ನನ್ನ ಬಳಿ ಬಂದು ಹೇಳು, ನಿನ್ನನ್ನು ನಾನು ಬೈಯುವುದಿಲ್ಲ" ಎಂದು ಮಗಳಿಗೆ ಹೇಳಿ. ಹೇಳಿದಂತೆ ನಡೆದುಕೊಳ್ಳಿ ಕೂಡ.

ಹಾಗಾದರೆ ಎಲ್ಲಿಗೆ ಕಳಿಸಬೇಕು? ಕ್ಲಾಸಿಗೆ ಸೇರಿಸುವ ಮೊದಲು ಒಂದು ಸಂಜೆ ನೀವೇ ಹೋಗಿ ಕುಳಿತು ನೋಡಿ. ಹುಡುಗಿಯರು ಪರಸ್ಪರ ಹಿಡಿದು, ಬಿಡಿಸಿಕೊಂಡು ಅಭ್ಯಾಸ ಮಾಡುತ್ತಾರೆಯೇ? ಬೀಳುವುದನ್ನು ಕಲಿಸುತ್ತಾರೆಯೇ? ಕೂಗಿ ಓಡುವುದನ್ನು ಹೇಳಿಕೊಡುತ್ತಾರೆಯೇ? ಹೆಣ್ಣುಮಕ್ಕಳಿಗೆ ಮಹಿಳಾ ಶಿಕ್ಷಕಿ ಇದ್ದಾರೆಯೇ? ಸರಕಾರಿ ಶಾಲೆಗಳ 6ರಿಂದ 12ನೆಯ ತರಗತಿಯ ಹುಡುಗಿಯರಿಗೆ ರಾಣಿ ಲಕ್ಷ್ಮೀಬಾಯಿ ಹೆಸರಿನಲ್ಲಿ ಮೂರು ತಿಂಗಳ ಆತ್ಮರಕ್ಷಣೆ ತರಬೇತಿಯ ಯೋಜನೆಯಿದೆ. ನಿಮ್ಮ ಶಾಲೆಯಲ್ಲಿ ಅದು ನಡೆಯುತ್ತಿದೆಯೇ ಎಂದು ಮುಖ್ಯೋಪಾಧ್ಯಾಯರನ್ನು ಕೇಳಿ.

ಕ್ಲಾಸಿನ ಫೀಸು ಕೊಡಲಾಗದಿದ್ದರೆ ಚಿಂತಿಸಬೇಡಿ. ಮಗಳನ್ನು ಶಾಲೆಯ ಕಬಡ್ಡಿ ತಂಡಕ್ಕೆ ಸೇರಿಸಿ. ನಾಲ್ಕು ಜನ ಕಾಲು, ಸೊಂಟ ಹಿಡಿದು ಎಳೆಯುವಾಗ ಉಸಿರು ಬಿಗಿಹಿಡಿದು ಕೊಸರಿಕೊಂಡು ಗೆರೆ ಮುಟ್ಟುವುದೇ ಆ ಆಟ. ಹಿಡಿತ ಬಿಡಿಸಿಕೊಂಡು ಓಡುವುದಕ್ಕೆ ಅದಕ್ಕಿಂತ ಅಗ್ಗದ ಶಾಲೆ ಇನ್ನೊಂದಿಲ್ಲ. ಸೈದಾನಿ ಹುಡುಗಿಗೂ, ರೈತರ ಹುಡುಗಿಗೂ ಅದು ಒಂದೇ.

ಕೊನೆಯದಾಗಿ, ಮಗಳಿಗೆ ಇಷ್ಟು ತಿಳಿದಿರಲಿ. ಎದುರಾಳಿಯನ್ನು ಸೋಲಿಸುವುದು ಅವಳ ಕೆಲಸವಲ್ಲ, ತಪ್ಪಿಸಿಕೊಂಡು ಮನೆ ಸೇರುವುದು ಅವಳ ಕೆಲಸ. ಚೀಲ, ಮೊಬೈಲು ಕೇಳಿದರೆ ಕೊಟ್ಟುಬಿಡಲಿ. ಕೈ ಹಿಡಿದರೆ ಗಟ್ಟಿಯಾಗಿ ಕೂಗಲಿ, ಬಿಡಿಸಿಕೊಳ್ಳಲಿ, ಜನರಿದ್ದ ಕಡೆಗೆ ಓಡಲಿ, 112ಕ್ಕೆ ಕರೆ ಮಾಡಲಿ. ತನ್ನ ಮೈ ಕಾಪಾಡಿಕೊಳ್ಳಲು ಹೊಡೆದರೆ ಕಾನೂನು ಅವಳ ಕಡೆಗಿದೆ; ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ರವರೆಗಿನ ಕಲಮುಗಳು ಈ ಹಕ್ಕಿನ ಬಗ್ಗೆಯೇ ಇವೆ. ಅಗತ್ಯಕ್ಕಿಂತ ಹೆಚ್ಚು ಹೊಡೆಯಬಾರದೆಂಬ ಮಿತಿಯೂ ಅಲ್ಲೇ ಇದೆ. ಅವಳು ಏದುಸಿರು ಬಿಡುತ್ತ ಮನೆಗೆ ಬಂದ ದಿನ "ಆ ದಾರಿಗೆ ಯಾಕೆ ಹೋದೆ?" ಎಂದು ಕೇಳಬೇಡಿ. ಮೊದಲು ನೀರು ಕೊಡಿ, ಪಕ್ಕದಲ್ಲಿ ಕುಳಿತುಕೊಳ್ಳಿ.