ಗೆರೆ ಮೊದಲು, ಉಳಿ ಆಮೇಲೆ



ಈ ಸಲ ಇಡೀ ಪುಟ ಯಲಬುರ್ಗಾದ ತಾಯಿಯೊಬ್ಬರ ಕಾಗದಕ್ಕೇ ಮೀಸಲು. ಹತ್ತನೇ ಇಯತ್ತೆಯ ಮಗಳು ಲೆಕ್ಕದ ವಹಿಯ ಹಿಂದಿನ ಪುಟಗಳ ತುಂಬ ಮೂಗು, ಕೈಬೆರಳು, ಜಡೆ ಬರೆದಿಟ್ಟಿದ್ದಾಳಂತೆ. ಮೂರ್ತಿ ಕೆತ್ತೋದು ಕಲೀತೀನಿ ಅಂತಾಳಂತೆ. ಅತ್ತೆಯವರು "ಕಲ್ಲು ಒಡಿಯೂದು ಹೆಣ್ಮಕ್ಕಳ ಕೆಲಸ ಏನವಾ?" ಎಂದು ವಹಿಯನ್ನು ರದ್ದಿಗೆ ಹಾಕಲು ಹೊರಟಿದ್ದರಂತೆ. "ಏನು ಮಾಡಲಿ, ಅಕ್ಕಾ?" ಎಂದು ಕೇಳಿದ್ದಾರೆ.

ಮೊದಲು ಆ ವಹಿ ತೆಗೆದು ಟ್ರಂಕಿನಲ್ಲಿಡಿ, ತಂಗೀ. ಶಿಲ್ಪದ ಕೆಲಸ ಶುರುವಾಗುವುದೇ ಅಲ್ಲಿಂದ.

ರಂಗೋಲಿಗೆ ನಾವು ಮೊದಲು ಚುಕ್ಕಿ ಇಡುತ್ತೇವಲ್ಲ, ಶಿಲ್ಪಿಗೂ ಹಾಗೇ ಒಂದು ಲೆಕ್ಕವಿದೆ. ಹಣೆಯ ಕೂದಲಂಚಿನಿಂದ ಗದ್ದದವರೆಗೆ ಒಂದು ತಾಳ. ತಾಳಕ್ಕೆ 12 ಅಂಗುಲ. ನವತಾಳದ ಮೂರ್ತಿಯೆಂದರೆ ಎತ್ತರ 108 ಅಂಗುಲ. ಇದು ದರ್ಜಿಯ ಟೇಪಿನ ಇಂಚಲ್ಲ ಮತ್ತೆ! ಮೂರ್ತಿ ಗೇಣುದ್ದವಿದ್ದರೆ ಅದರ ಅಂಗುಲವೂ ಅಷ್ಟೇ ಚಿಕ್ಕದು. ನೆತ್ತಿಯಿಂದ ಪಾದದವರೆಗೆ ನಟ್ಟನಡುವೆ ಇಳಿಯುವ ನೇರ ಗೆರೆಗೆ ಬ್ರಹ್ಮಸೂತ್ರ ಎನ್ನುತ್ತಾರೆ. ಕಾಗದದ ಮೇಲೆ ಇಷ್ಟೆಲ್ಲ ಹೊಂದಿಬಂದ ಮೇಲೆಯೇ ಚಿತ್ರ ಕಲ್ಲಿಗೆ ಏರುವುದು. ಉಳಿಯ ಪೆಟ್ಟು ಬಿದ್ದಂತೆ ಆ ಗೆರೆ ಹಾರಿಹೋಗುತ್ತದೆ. ಮತ್ತೆ ಬರೆಯಬೇಕು, ಮತ್ತೆ ಕೆತ್ತಬೇಕು. ಕಾಗದದಲ್ಲಿ ಮೂಗು ಸೊಟ್ಟಾದರೆ ರಬ್ಬರಿದೆ, ಕಲ್ಲಿನಲ್ಲಿ ಒಡೆದ ಮೂಗಿಗೆ ಏನಿದೆ ಹೇಳಿ?

ಇನ್ನು ಅತ್ತೆಯವರ ಮಾತು. ಹೆಣ್ಣಿಗೆ ಶಿಲ್ಪ ಸಲ್ಲದು ಎನ್ನುವ ಮಾತನ್ನು ಕನಕಾ ಮೂರ್ತಿಯವರೂ ಕೇಳಿದ್ದರು. 1942ರಲ್ಲಿ ಟಿ. ನರಸೀಪುರದಲ್ಲಿ ಹುಟ್ಟಿದವರು. ಬೆಂಗಳೂರಿನ ಕಲಾಮಂದಿರದಲ್ಲಿ ಚಿತ್ರ ಕಲಿತು, ಶಿಲ್ಪಿ ದೇವಲಕುಂದ ವಾದಿರಾಜರ ಶಿಷ್ಯೆಯಾದರು. ಲಾಲ್‌ಬಾಗಿನ ಬಳಿಯ ಕುವೆಂಪು ಪ್ರತಿಮೆ ಅವರ ಕೈಯದೇ. 2011ರ ಜಕಣಾಚಾರಿ ಪ್ರಶಸ್ತಿ ಅವರಿಗೆ ಬಂತು. 2021ರಲ್ಲಿ ಕೊರೊನಾದಿಂದ ತೀರಿಕೊಂಡರು. ನನಗೆ ತುಂಬ ಹಿಡಿಸಿದ್ದು ಇನ್ನೊಂದು ಸಂಗತಿ: ತಮ್ಮ ಗುರುಗಳ ರೇಖಾಚಿತ್ರಗಳನ್ನು ಆಯ್ದು 'ಶಿಲ್ಪರೇಖೆ' ಎಂಬ ಪುಸ್ತಕವನ್ನೇ ತಂದರು. ಕಲ್ಲು ಗಟ್ಟಿ, ಹೇಗೋ ಉಳಿದೀತು. ಕಾಗದವನ್ನು ಯಾರಾದರೂ ಜೋಪಾನ ಮಾಡಲೇಬೇಕು, ಇಲ್ಲದಿದ್ದರೆ ಒಲೆ ಪಾಲು. (ನಮ್ಮ ಅವ್ವನ ರಂಗೋಲಿ ವಹಿ ಹಾಗೇ ಹೋಯಿತು. ಇವತ್ತಿಗೂ ಹೊಟ್ಟೆ ಉರಿಯುತ್ತದೆ.)

ಕುಕನೂರಿನ ಹತ್ತಿರದ ಇಟಗಿ ನಿಮಗೇನು ದೂರ? 1112ರ ಮಹಾದೇವ ಗುಡಿ. ಶಾಸನವೇ ಅದನ್ನು ದೇವಾಲಯ ಚಕ್ರವರ್ತಿ ಎಂದು ಕರೆದಿದೆ. ಬರುವ ಭಾನುವಾರ ರೊಟ್ಟಿಬುತ್ತಿ ಕಟ್ಟಿಕೊಂಡು ಹೋಗಿ. ಗೆರೆಯಿಲ್ಲದ ವಹಿ, ಒಂದು ಮೆತ್ತನೆಯ ಪೆನ್ಸಿಲ್ ಸಾಕು. ಮಗಳು ಗುಡಿಯನ್ನೆಲ್ಲ ಬರೆಯಲು ಹೋಗಬಾರದು. ಒಂದೇ ಒಂದು ಕಂಬ ಹಿಡಿಯಲಿ. ಮೂರ್ತಿಯನ್ನು ಸುತ್ತಲಿಂದಲೂ ನೋಡುತ್ತಾರಲ್ಲವೇ, ಅದಕ್ಕೇ ಎದುರಿನಿಂದ ಒಂದು, ಪಕ್ಕದಿಂದ ಒಂದು, ಬಿಸಿಲು ತಿರುಗಿದ ಮೇಲೆ ಮತ್ತೊಂದು ಬರೆಯಲಿ.

ಅತ್ತೆಯವರನ್ನು ಮನೆಯಲ್ಲಿ ಬಿಟ್ಟು ಹೋಗಬೇಡಿ. ಅಲ್ಲಿನ ಬಳ್ಳಿಯ ಸುರುಳಿ ಕಂಡರೆ, ಪೆನ್ಸಿಲ್ ಈಚೆ ಕೊಡು ಎಂದು ಅವರೇ ಕೇಳಿಯಾರು. ಬರೆದದ್ದರಲ್ಲಿ ಒಂದು ಹಾಳೆ ನನಗೂ ಕಳಿಸಿ.